ಎಂಟನೆಯ ಹೆಗಲು

ಮೆರವಣಿಗೆಗೆ ಇನ್ನೊಂದೇ ದಿನ ಇತ್ತು. ಅಭ್ಯಾಸಕ್ಕೆಂದು ಏಸುವಿನ ತಾಯಿ ವ್ಯಾಕುಲಮಾತೆಯ ಮೂರ್ತಿಯ ಬದಲು ಮರಳಿನ ಚೀಲ ಹೇರಿದ್ದ ಪಲ್ಲಕ್ಕಿ ಮುಂದಿನ ಎಡಮೂಲೆಗೆ ವಾಲಿತು. ಒಂದು ಚೀಲ ಜಾರಿ ದೋನ್ಯಾ ಉಬಾಲ್ದಿನಾಳ ಜೋಳದ ಪಾನಕದ ಹಂಡೆಗೆ ಬಿತ್ತು. ಇಗರ್ಜಿಯ ಅಂಗಳದ ತುಂಬ ಪಾನಕ ಹರಿಯಿತು.

"ಎಂಟು ಜನ ಗಂಡಸರು," ಅಂದಳು ಉಬಾಲ್ದಿನಾ, ಸೌಟು ಹಿಡಿದುಕೊಂಡೇ. "ನಮ್ಮನೆ ಕತ್ತೆ ಒಂದೇ ಇದಕ್ಕಿಂತ ನೆಟ್ಟಗೆ ಹೊರುತ್ತೆ."

ಹೊರುವವರೆಲ್ಲ ನೆಲ ನೋಡಿದರು. ಎವೆಲಿಯೊ ಮಾತ್ರ ತಲೆ ಎತ್ತಿದ. "ನಮ್ಮಲ್ಲಿ ಒಬ್ಬ ಹೊರ್ತಾ ಇಲ್ಲ. ಸುಮ್ನೆ ಹೆಗಲು ಕೊಟ್ಟಂಗೆ ಮಾಡ್ತಿದಾನೆ."

ಅದು ಸಣ್ಣ ಮಾತಲ್ಲ. ಆ ಊರಿನಲ್ಲಿ ಪಲ್ಲಕ್ಕಿಯ ದಂಡಿಗೆಯ ಕೆಳಗಿನ ಜಾಗ ಅಪ್ಪನಿಂದ ಮಗನಿಗೆ ಬರುತ್ತದೆ. ಹೊರದವನು ಸಿಕ್ಕಿಬಿದ್ದರೆ ಜಾಗ ಹೋಯಿತು. ಮಗನಿಗೂ ಇಲ್ಲ, ಮೊಮ್ಮಗನಿಗೂ ಇಲ್ಲ. ಮೊಳೆ, ಚಿಲಕ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಎವೆಲಿಯೊಗೆ ಅಪ್ಪ ಬಿಟ್ಟುಹೋದದ್ದು ಈ ಜಾಗ ಒಂದೇ. ಉಳಿದವರ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಂಟು ಕಟ್ಟಿತ್ತು. ಅವನ ಹೆಗಲು ಎಳೆಗೂಸಿನದರಂತೆ ನುಣ್ಣಗಿತ್ತು. ಅಮ್ಮನ ಮುಲಾಮಿನ ಗುಣ ಎಂದು ಅವನು ನಂಬಿದ್ದ. ಮೆರವಣಿಗೆಯ ಮರುದಿನ ಅವನಿಗೆ ನೋಯುತ್ತಿದ್ದದ್ದು ಮೀನಖಂಡ. ಭಾರವೆಲ್ಲ ಕಾಲಿಗೆ ಇಳಿಯುತ್ತದೆ ಎನ್ನುತ್ತಿದ್ದ.

ಹೊರುವವರಲ್ಲಿ ಹಿರಿಯ, ಕ್ಷೌರದಂಗಡಿಯ ದೋನ್ ಅರ್ಸೇಸಿಯೊ ಕೆಮ್ಮಿದ. "ಬಿಡು ಎವೆಲಿಯೊ. ನಿನ್ನ ಪಕ್ಕ ಲಿಯೊನೆಲ್ ಇದ್ದ, ಸತ್ತ. ಈ ಆಲ್ದೆಮಾರ್ ಹೊಸಬ. ಹೊಂದಿಕೊಳ್ತಾನೆ."

"ಇದು ಲೆಕ್ಕ ದೋನ್ ಅರ್ಸೇಸಿಯೊ." ಎವೆಲಿಯೊ ಭಾನುವಾರದ ಪತ್ರಿಕೆಯ ಒಗಟುಗಳನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತಿರುಗುವ ಆಸಾಮಿ. "ಎಂಟು ನಾಣ್ಯ ಇವೆ ಅನ್ಕೊಳ್ಳಿ. ಒಂದು ಖೋಟಾ, ಹಗುರ. ಒಂದೊಂದೇ ತೂಗೋದು ದಡ್ಡರ ಕೆಲಸ. ಅರ್ಧರ್ಧ ಮಾಡ್ಕೊಂಡು ಹೋಗಬೇಕು."

"ಎಲ್ಲಾನೂ ತೂಗಬಾರದಪ್ಪ."

"ಯಾಕೆ, ನಿಮಗೆ ಭಯಾನಾ?"

ಅರ್ಸೇಸಿಯೊ ತೋಳು ಮಡಚಿಕೊಂಡು ದಂಡಿಗೆಯ ಕಡೆ ನಡೆದ.

ಮುಂದಿನ ನಾಲ್ವರು ಹಿಂದಕ್ಕೆ ಹೋದರು, ಹಿಂದಿನವರು ಮುಂದಕ್ಕೆ ಬಂದರು. ಎತ್ತಿದರು. ಈಗ ಹಿಂಭಾಗ ವಾಲಿತು.

"ನೋಡಿದ್ರಾ?" ದಂಡಿಗೆಯ ಕೆಳಗಿಂದ ಎವೆಲಿಯೊನ ದನಿ ಬಂತು. "ತಪ್ಪು ಮರದ್ದಲ್ಲ. ನಮ್ಮ ಈ ನಾಲ್ವರಲ್ಲೇ ಇದಾನೆ ಅವನು."

ಬೇಲಿಯಾಚೆ ಜನ ಸೇರಿದರು. ಉಬಾಲ್ದಿನಾ ಅವರಿಗೆ ಎಂಪನಾಡ ಎಂಬ ಕರಿದ ಕಡುಬು ಮಾರತೊಡಗಿದಳು. ಪಾನಕ ಹೋದರೂ ವ್ಯಾಪಾರ ಹೋಗಬಾರದಲ್ಲ.

ಆ ನಾಲ್ವರಲ್ಲಿ ಎಡದ ಇಬ್ಬರು ಬಲಕ್ಕೆ ಬಂದರು, ಬಲದವರು ಎಡಕ್ಕೆ. ಪಲ್ಲಕ್ಕಿಯ ವಾಲು ಸಾಕಿದ ನಾಯಿಯಂತೆ ಎವೆಲಿಯೊನ ಹಿಂದೆಯೇ ಬಲಕ್ಕೆ ಬಂತು. ಚೀಲವೊಂದು ಉರುಳಿ ಆಲ್ದೆಮಾರನ ಕಾಲ ಮೇಲೆ ಬಿತ್ತು. ಅವನು ಪವಿತ್ರ ವಾರ ಎಂಬುದನ್ನೂ ಮರೆತು ಬೈದ.

"ಸಿಕ್ಕಿದ," ಎಂದ ಎವೆಲಿಯೊ. "ಉಳಿದಿದ್ದು ನಾನು, ನೀನು. ಅಂದ್ರೆ ನೀನೇ, ಆಲ್ದೆಮಾರ್."

"ಅದು ಹೆಂಗೆ?"

"ನಾನು ತೂಗೋನು ಕಣೋ."

ಆಲ್ದೆಮಾರ್ ಕುಂಟುತ್ತ ಎದ್ದ. "ಇನ್ನೊಂದು ಸಲ ಎತ್ತಿ. ಮೊದ್ಲು ನಾನು ಆಚೆ ಬರ್ತೀನಿ. ಆಮೇಲೆ ನೀನು ಬಾ."

ಎತ್ತಿದರು. ಆಲ್ದೆಮಾರ್ ಆಚೆ ಬಂದ. ಉಳಿದವರ ಮೊಣಕಾಲು ಕುಸಿದವು, ಯಾರೋ ಏಸುವನ್ನು ಕರೆದರು. ಆಲ್ದೆಮಾರ್ ಓಡಿ ಹೋಗಿ ಮತ್ತೆ ಹೆಗಲು ಕೊಟ್ಟ.

ಆಮೇಲೆ ಎವೆಲಿಯೊ ಆಚೆ ಬಂದ.

ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಸಾಲಿನವನೊಬ್ಬ ಕೇಳಿದ: "ಇನ್ನೂ ಬಂದಿಲ್ವಾ ಅವನು?"

ಬೇಲಿಯಾಚೆ ಎಂಪನಾಡ ಅಗಿಯುವ ಸದ್ದು ನಿಂತಿತು.

ಪಲ್ಲಕ್ಕಿ ಇಳಿಸಿದರು. ಅರ್ಸೇಸಿಯೊ ಅಂಗೈಯನ್ನು ತನ್ನ ಕಿವಿಯ ಹತ್ತಿರ ಹಿಡಿದು ತೋರಿಸಿದ. "ಇಷ್ಟೆತ್ತರ ಇದೀಯ ನೀನು. ದಂಡಿಗೆ ನಿನ್ನ ಹೆಗಲಿಗೆ ಎಟುಕಲ್ಲ. ನಮಗೆಲ್ಲ ಗೊತ್ತಿತ್ತು. ನಿನ್ನ ಪಾಲನ್ನ ಲಿಯೊನೆಲ್ ಹೊರ್ತಿದ್ದ. ನಿಮ್ಮಪ್ಪನ ಪಾಲನ್ನ ಅವರಪ್ಪ."

"ನಮ್ಮಪ್ಪನೂ?"

"ಒಳ್ಳೆ ಮನುಷ್ಯ. ತೂಗೋಕೆ ಮಾತ್ರ ಹೋಗಲಿಲ್ಲ. ನೀನು ಊರ ಮುಂದೆ ತೂಗಿಬಿಟ್ಟೆ."

ಎವೆಲಿಯೊ ಟೊಪ್ಪಿ ಎತ್ತಿಕೊಂಡು ಹೊರಟ. ಅರ್ಸೇಸಿಯೊ ತಡೆದ. "ಎಲ್ಲಿಗೆ? ಬರೋ ವರ್ಷ ಆ ಜಾಗ ರೊಟ್ಟಿ ಅಂಗಡಿಯವನಿಗೆ. ನಾಳೆಗೆ ಬೇರೆ ಯಾರೂ ಇಲ್ಲ. ಎಂಟು ಜನ ಕಾಣಬೇಕು. ಮಾತೆನ ನಿನ್ನ ಮೂಲೆಯಿಂದ ಆಚೆ ಸರಿಸಿ ಕಟ್ತೀವಿ."

"ಊರಿಗೆಲ್ಲ ಗೊತ್ತಾಯ್ತಲ್ಲ."

"ಅದಕ್ಕೇ, ಸ್ವಲ್ಪ ಜಾಸ್ತಿ ಬೆವರು."

ಉಬಾಲ್ದಿನಾ ಅವನ ಕೈಗೆ ಎಂಪನಾಡ ಇಟ್ಟಳು. "ತಿನ್ನು, ದುಡ್ಡು ಬೇಡ. ಬೆಳೀತೀಯೇನೋ."

ಮರುದಿನ ನಗಾರಿ ಶುರುವಾದಾಗ ಎವೆಲಿಯೊ ನೇರಳೆ ನಿಲುವಂಗಿ ತೊಟ್ಟು ತನ್ನ ಜಾಗದಲ್ಲಿ ನಿಂತಿದ್ದ. ಬೀದಿಯ ಎರಡೂ ಕಡೆಯ ಜನ ಮಾತೆಯನ್ನು ಬಿಟ್ಟು ಅವನ ಹೆಗಲನ್ನೇ ನೋಡುತ್ತಿದ್ದರು. ಅವನೂ ಮೊದಲ ಸಲ ಕತ್ತು ಹೊರಳಿಸಿ ನೋಡಿದ. ಹೆಗಲಿಗೂ ದಂಡಿಗೆಗೂ ನಡುವೆ ಎರಡು ಬೆರಳು ಸಂದು. ಆ ಸಂದಿನಲ್ಲಿ ಉಬಾಲ್ದಿನಾಳ ಮುಖ ಪೂರ್ತಿ ಕಾಣುತ್ತಿತ್ತು. ಅವಳು ಸೌಟು ಎತ್ತಿ ತೋರಿಸಿದಳು. ಎವೆಲಿಯೊ ಹಿಮ್ಮಡಿ ಎತ್ತಿ, ತುದಿಗಾಲಿನಲ್ಲಿ ನಡೆಯತೊಡಗಿದ.