ಆರ್ಕಿಡ್ಡಿಗೆ ಹಲ್ಲುನೋವಿನವರ ಸಲಹೆ

ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದ ಹೊತ್ತಿಗೆ, ಮೇಜಿನ ಮೇಲಿದ್ದ ಆರ್ಕಿಡ್ ಗಿಡದಿಂದ ಒಂದು ನೇರಳೆ ಹೂವು ತಾನಾಗಿ ಕಳಚಿ ಟೋಕನ್ ಡಬ್ಬಿಯೊಳಗೆ ಬಿತ್ತು. ರಿಸೆಪ್ಷನಿಸ್ಟ್ ಅದನ್ನೆತ್ತಿ ಮತ್ತೆ ಕಡ್ಡಿಗೆ ಸಿಕ್ಕಿಸಲು ನೋಡಿದ. ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಇದು ನಿಮ್ಮ ಜವಾಬ್ದಾರಿ" ಎಂದು ವಾರದ ಹಿಂದೆ ಗಿಡವನ್ನು ಅವನ ಮುಂದಿಟ್ಟವರು ಸ್ವತಃ ಹಲ್ಲಿನ ಡಾಕ್ಟರಮ್ಮ.

ಆಕೆ ಒಳಗೆ ಯಾರದೋ ದವಡೆ ಕೊರೆಯುತ್ತಿದ್ದರು. ಹೊರಗೆ ಕಾಯುತ್ತಿದ್ದವರಿಗೆ ಬೇರೆ ಕೆಲಸವಿರಲಿಲ್ಲ.

"ನೀರು ಸಾಲ್ದು," ಎಂದರು, ಕೆನ್ನೆ ಬನ್ನಿನಂತೆ ಊದಿದ್ದ, ಶಾಲೆಯ ಡ್ರಿಲ್ ಮೇಷ್ಟ್ರು. ರಿಸೆಪ್ಷನಿಸ್ಟ್ ಒಂದು ಬಾಟಲಿ ಸುರಿದ.

"ಕೊಳೆತುಹೋಗುತ್ತಪ್ಪ, ಬಿಸಿಲಿಗಿಡು," ಎಂದರು, ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಬಂದಿದ್ದ ಅಜ್ಜಿ. ಕಿಟಕಿಗಿಟ್ಟ. ಎಲೆಗಳ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿದಂಥ ಕಲೆ ಬಿತ್ತು.

ಆಗಷ್ಟೇ ಹಲ್ಲು ಕೀಳಿಸಿಕೊಂಡು ಹೊರಬಂದ ಲಾರಿ ಮಾಲೀಕನ ಬಾಯಿ ತುಂಬ ಹತ್ತಿ. ಅವನು ಕುಂಡದಾಚೆ ಜೋತಾಡುತ್ತಿದ್ದ ಬೂದು ಬೇರುಗಳನ್ನು ತೋರಿಸಿ, ಎರಡು ಬೆರಳಲ್ಲಿ ಕತ್ತರಿಯಾಡಿಸಿದ. ರಿಸೆಪ್ಷನಿಸ್ಟ್ ಅದನ್ನೂ ಮಾಡಿ ಮುಗಿಸಿದ. ಮಧ್ಯಾಹ್ನಕ್ಕೆ ಗಿಡ ಬರೀ ಕಡ್ಡಿ.

ಊಟದ ಬಿಡುವಿನಲ್ಲಿ ಕುಂಡಕ್ಕೆ ಟವೆಲ್ ಹೊದಿಸಿಕೊಂಡು, ಇಂಥ ಗಿಡ ಮಾರುವ ಪಕ್ಕದ ಬೀದಿಯ ಅಂಗಡಿಗೆ ಓಡಿದ. ಅಂಗಡಿಯಾಕೆ ಟವೆಲ್ ಸರಿಸಿ ನೋಡಿ, ಮತ್ತೆ ಹೊದಿಸಿದಳು.

"ಹಳೇ ಹೂವು ಉದುರೋದು ಸಹಜ ಕಣ್ರೀ. ವಾರಕ್ಕೊಂದ್ಸಲ ನೀರು ಸಾಕು, ನೇರ ಬಿಸಿಲು ಬೇಡ. ಆ ಬೇರು ಇರೋದೇ ಗಾಳಿಗೆ. ಇದನ್ನೆಲ್ಲ ಮಾಡೋಕೆ ಯಾರು ಹೇಳಿದ್ರು?"

"ಹಲ್ಲುನೋವಿನವರು."

"ನಿಮಗೆ ಹಲ್ಲುನೋವು ಬಂದ್ರೆ ನನ್ನ ಹತ್ರ ಬರ್ತೀರಾ?"

ಅವನು ಅದೇ ಬಣ್ಣದ, ಅಷ್ಟೇ ಎತ್ತರದ ಹೊಸ ಗಿಡ ಕೊಂಡ. ಆಕೆ ಹೇಳಿದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದು ಮೇಜಿನ ಮೇಲಿಟ್ಟ. ಸಂಜೆಯವರೆಗೆ ಯಾರನ್ನೂ ಹತ್ತಿರ ಸುಳಿಯಗೊಡಲಿಲ್ಲ.

ಕೊನೆಯ ರೋಗಿಯನ್ನು ಕಳಿಸಿ ಹೊರಬಂದ ಡಾಕ್ಟರಮ್ಮ ಗಿಡದ ಮುಂದೆ ಬಹಳ ಹೊತ್ತು ನಿಂತರು.

"ಇನ್ನೂ ಚೆನ್ನಾಗೇ ಇದೆಯಲ್ರೀ."

"ನೇರ ಬಿಸಿಲು ಬೀಳದ ಹಾಗೆ ನೋಡ್ಕೊಂಡಿದೀನಿ ಮೇಡಂ. ಬೇರಿಗೆ ಗಾಳಿ ಬೇಕು."

ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದರು.

"ನಮ್ಮತ್ತೆ ಕೊಟ್ಟಿದ್ದು. ನನಗೆ ಅದರ ಮುಖ ಕಂಡ್ರಾಗಲ್ಲ, ಎಸೆಯೋಕೆ ಧೈರ್ಯ ಇಲ್ಲ. ನಿಮ್ಮ ಕೈಗೆ ಕೊಟ್ರೆ ವಾರದೊಳಗೆ ಸಾಯುತ್ತೆ ಅಂತ ನಂಬಿದ್ದೆ."

ರಿಸೆಪ್ಷನಿಸ್ಟ್ ಜೇಬಿನಲ್ಲಿದ್ದ ಗಿಡದಂಗಡಿಯ ಬಿಲ್ಲನ್ನು ಇನ್ನಷ್ಟು ಒಳಗೆ ತಳ್ಳಿದ.

"ಹೋಗಲಿ," ಎಂದರು ಡಾಕ್ಟರಮ್ಮ. ಅವರ ಮುಖ ನಿಧಾನವಾಗಿ ಅರಳಿತು. "ಇಷ್ಟೆಲ್ಲ ತಿಳ್ಕೊಂಡಿದೀರಿ. ಇನ್ಮೇಲೆ ಭಾನುವಾರ ಭಾನುವಾರ ಅತ್ತೆ ಮನೆಗೆ ನನ್ನ ಬದಲು ನೀವೇ ಹೋಗಿಬನ್ನಿ. ಅವರು ಗಿಡದ ಮಾತು ಶುರು ಮಾಡಿದ್ರೆ ಕತ್ತಲಾಗೋವರೆಗೂ ನಿಲ್ಲಿಸಲ್ಲ."