ಕಬ್ಬುಗರಡಿಗೆ ಶೇಂಗಾ ಹೋಳಿಗೆ

ಚಂದ್ರಾಮಪ್ಪ ತಿನ್ನಬೇಕೆಂದುಕೊಂಡಿದ್ದು ಒಂದೇ ಒಂದು ಹೋಳಿಗೆ. ಇದಂತೂ ಸತ್ಯ, ಬೇಕಾದರೆ ಆಣೆ ಮಾಡಿ ಹೇಳುತ್ತೇನೆ.

ಶನಿವಾರ ಅವನ ಹೆಂಡತಿ ಸುಭದ್ರಾಬಾಯಿ ಭೂಸನೂರಿನ ಮಗಳು ಶಾಂಭವಿಗೆಂದು ಡಬ್ಬಿ ತುಂಬ ಶೇಂಗಾ ಹೋಳಿಗೆ, ಜೊತೆಗೊಂದು ಬಾಟಲಿ ತುಪ್ಪ ಕೊಟ್ಟು ಅವನನ್ನು ಆಳಂದದಿಂದ ಬೈಕಿನಲ್ಲಿ ಕಳಿಸಿದ್ದಳು. ಸಕ್ಕರೆ ಕಾಯಿಲೆ ಗೊತ್ತಾದಾಗಿನಿಂದ ಅವನಿಗೆ ಚಹಾ ಕೂಡ ಸಪ್ಪೆ. "ಇನ್ನೊಮ್ಮೆ ಕದ್ದು ಸಿಹಿ ತಿಂದದ್ದು ಗೊತ್ತಾಯ್ತಂದ್ರ ನಾ ಶಾಂಭವಿ ಮನಿಗಿ ಹೋಗಿ ಕೂಡ್ತೇನಿ. ನಿಮ್ಮ ರೊಟ್ಟಿ ನೀವೇ ಬಡಕೋರಿ" ಎಂದು ಅವಳು ದೇವರ ಜಗಲಿಯ ಮುಂದೆ ನಿಂತು ಹೇಳಿಬಿಟ್ಟಿದ್ದಳು. ಚಂದ್ರಾಮಪ್ಪನಿಗೆ ರೊಟ್ಟಿ ಬಡಿಯುವ ಮಾತಿರಲಿ, ಮನೆಯಲ್ಲಿ ಹಿಟ್ಟಿನ ಡಬ್ಬಿ ಯಾವುದೆಂದೂ ಗೊತ್ತಿರಲಿಲ್ಲ.

ದಾರಿಯಲ್ಲಿ ಬೈಕ್ ನಿಲ್ಲಿಸಿ ಒಂದು ತಿಂದ. ತಿಂದ ಮೇಲೆ ಡಬ್ಬಿಯೊಳಗೆ ಒಂದು ಕಡೆ ತಗ್ಗಾಗಿ ಕಂಡಿತು. ಸಮ ಮಾಡೋಣವೆಂದು ಇನ್ನೊಂದು ಕಡೆಯಿಂದ ಒಂದು ತೆಗೆದ. ಈಗ ನಡುವೆ ಗುಡ್ಡ ಎದ್ದಿತು. ಹೀಗೆ ಸಮ ಮಾಡುತ್ತ ಹೋದ ಪುಣ್ಯಾತ್ಮ ಡಬ್ಬಿಯ ತಳ ಕಂಡ ಮೇಲೆಯೇ ಕೈ ಒರೆಸಿಕೊಂಡದ್ದು. ಖಾಲಿ ಡಬ್ಬಿ, ಖಾಲಿ ಬಾಟಲಿ ಎರಡನ್ನೂ ಕಬ್ಬಿನ ಹೊಲಕ್ಕೆ ಎಸೆದು ಅರ್ಧ ದಾರಿಯಿಂದಲೇ ತಿರುಗಿ ಬಂದ.

"ಏನು ಹೇಳಲಿ! ಕಬ್ಬಿನ್ಯಾಗಿಂದ ಏನೋ ಒಂದು ಜಿಗೀತು ನೋಡು. ಕರ್ರಗ, ಆಳೆತ್ತರ! ಡಬ್ಬಿ ಕಸಗೊಂಡು ನನ್ನ ಕಣ್ಣಮುಂದೇ ತಿಂತು!"

"ತುಪ್ಪ?" ಎಂದಳು ಸುಭದ್ರಾಬಾಯಿ.

"ಅದನ್ನೂ!"

"ಹಚಗೊಂಡು ತಿಂತೋ, ಬಾಟಲಿ ಎತ್ತಿ ಕುಡೀತೋ?"

ಚಂದ್ರಾಮಪ್ಪ ಸುಳ್ಳಿನ ಭರದಲ್ಲಿದ್ದ. "ಹಚಗೊಂಡೇ! ಒಂದೊಂದಕ್ಕೂ ಬರೋಬ್ಬರಿ ಹಚಗೊಂಡು!"

ಸುಭದ್ರಾಬಾಯಿ ಅವನ ಮೀಸೆಯನ್ನೊಮ್ಮೆ ನೋಡಿ, "ಪಾಪ" ಎಂದಷ್ಟೇ ಹೇಳಿ ಒಳಗೆ ಹೋದಳು. ಬದುಕಿದೆಯಾ ಬಡಜೀವವೇ ಎಂದು ಚಂದ್ರಾಮಪ್ಪ ಉಸಿರು ಬಿಟ್ಟ.

ಆದರೆ ಪಕ್ಕದ ಮನೆಯ ಗೋಡೆಗೆ ಕಿವಿಯಿತ್ತು. ಆ ಕಿವಿ ನಿವೃತ್ತ ಹೆಡ್‌ಮಾಸ್ತರ ದೇವೀಂದ್ರಪ್ಪನವರದು. ಭಾನುವಾರ ಹೊತ್ತು ಏರುವ ಮೊದಲೇ ಅವರು ಬಂದು ಚಂದ್ರಾಮಪ್ಪನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

"ಚಂದ್ರಾಮಾ, ನೀ ನೋಡಿದ್ದು ಕಬ್ಬುಗರಡಿ! ನಾ ಸಣ್ಣಾಂವ ಇದ್ದಾಗ ನಮ್ಮ ಮುತ್ಯಾ ಹೇಳ್ತಿದ್ದ. ಮೈ ಕರಡೀದು, ಮಾರಿ ಎತ್ತಿಂದು, ಸಿಹಿ ಅಂದ್ರ ಪ್ರಾಣ ಬಿಡ್ತದ. ಊರೆಲ್ಲ ಮುತ್ಯಾಗ ಸುಳ್ಳ ಅಂದ್ರು. ಇವತ್ತ ಕ್ಯಾಂಪ್ ಹೊಡ್ದು ಹಿಡದೇ ಬಿಡೋಣ!"

ಅವರ ಬೆನ್ನಿಗೆ ಶಾಮಿಯಾನದ ಲಾಲಸಾಬ, ಮೊಬೈಲ್ ಅಂಗಡಿಯ ಅನೀಲಕುಮಾರ ಇಬ್ಬರೂ ಬಂದು ಕಟ್ಟೆಯ ಮೇಲೆ ಕೂತೇಬಿಟ್ಟರು. ಚಂದ್ರಾಮಪ್ಪ ಎರಡೂ ಕೈ ಅಡ್ಡ ಹಿಡಿದ.

"ಬ್ಯಾಡ್ರಿ ಸರ್, ಅದು ಕಚ್ಚತದ!" ಎಂದ.

"ಕಚ್ಚಲಿ ಬಿಡ್ರಿ ಕಾಕಾ, ವಿಡಿಯೋ ಇನ್ನೂ ಮಸ್ತ್ ಬರ್ತದ!" ಎಂದ ಅನೀಲಕುಮಾರ.

"ಅದು ಅಫಜಲಪುರ ಕಡೆ ಓಡಿ ಹೋಗ್ಯಾದ್ರಿ!"

"ಅಫಜಲಪುರ ಕಡೀ ಕರಜಗ್ಯಾಗೂ ಕಬ್ಬದ. ಮುಂದಿನ ಐತವಾರ ಅಲ್ಲಿ ಹೋಗೋಣ" ಎಂದರು ಮಾಸ್ತರರು.

"ಟೆಂಟ್ ಎಲ್ಲದರಿ?"

"ನನ್ನ ಮದಿವಿ ಶಾಮಿಯಾನ ಸತ್ತದೇನು ಚಂದ್ರಾಮಣ್ಣ?" ಎಂದ ಲಾಲಸಾಬ. ಕುರ್ಚಿಗಳೆಲ್ಲ ಬೇರೆ ಮದುವೆಗೆ ಹೋಗಿದ್ದವು. ವಧು-ವರರ ಕೆಂಪು ಸಿಂಹಾಸನ ಮಾತ್ರ ಉಳಿದಿತ್ತು. ಅದನ್ನೇ ತರುತ್ತೇನೆಂದ.

ಕೊನೆಗೆ ಮಾಸ್ತರರು ಬೆರಳೆತ್ತಿದರು. "ಅದನ್ನ ಕರೀಲಿಕ್ಕ ಶೇಂಗಾ ಹೋಳಿಗಿ ಇಡಬೇಕು. ತಿಂತಂದ್ರ ಕಬ್ಬುಗರಡಿ ಖರೇ. ಮುಟ್ಟಲಿಲ್ಲಂದ್ರ ನಿನ್ನೆ ತಿಂದವರು ಯಾರಂತ ಚಂದ್ರಾಮಗ ಕೇಳಬೇಕಾಗ್ತದ."

ಎಲ್ಲರೂ ಸುಭದ್ರಾಬಾಯಿಯತ್ತ ತಿರುಗಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಮಾಡ್ತೇನ್ರಿ ಸರ್. ನಿನ್ನೆಕಿಂತ ದಪ್ಪ ಮಾಡ್ತೇನಿ" ಎಂದಳು.

ಒಂದೇ ಕ್ಷಣದಲ್ಲಿ ಚಂದ್ರಾಮಪ್ಪನ ಭಯ ಹಾರಿಹೋಯಿತು. ಡಬ್ಬಿ ತಾನೇ ಖಾಲಿ ಮಾಡಿದರಾಯಿತಲ್ಲ! ಸುಳ್ಳೂ ಉಳಿಯುತ್ತದೆ, ಹೋಳಿಗೆಯೂ ಸಿಗುತ್ತದೆ. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. "ಜಲ್ದಿ ನಡೀರಿ, ಜಲ್ದಿ!" ಎಂದು ಶಾಮಿಯಾನದ ಗಳುಗಳನ್ನು ತಾನೇ ಹೊತ್ತು ಟೆಂಪೋಕ್ಕೆ ಏರಿಸಿದ. ಇಷ್ಟೊತ್ತು ಬೇಡವೆಂದವನಿಗೆ ಏನಾಯಿತೆಂದು ಲಾಲಸಾಬ ಕಣ್ಣು ಕಣ್ಣು ಬಿಟ್ಟ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಭೂಸನೂರಿನ ದಾರಿಯಲ್ಲಿ, ಕಬ್ಬಿನ ಹೊಲದ ಪಕ್ಕ, ಜರಿಯ ಶಾಮಿಯಾನ ಎದ್ದಿತು. ಮುಂದೆ 'ಶುಭವಿವಾಹ' ಎಂಬ ಫಲಕ. ಅದನ್ನು ಬಿಚ್ಚಲು ಲಾಲಸಾಬನಿಗೆ ನೆನಪಾಗಿರಲಿಲ್ಲ. ವರನ ಸಿಂಹಾಸನದಲ್ಲಿ ಮಾಸ್ತರರು ದುರ್ಬೀನು ಹಿಡಿದು ಕೂತರು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಈ ವಯಸ್ಸಿನ್ಯಾಗ ಮದಿವೇನ್ರಿ ಯಜಮಾನ್ರ? ಇರಲಿ ಬಿಡ್ರಿ, ಊಟ ಎಷ್ಟೊತ್ತಿಗದ?"

ಮಾಸ್ತರರು ಅವನನ್ನು ಬೈದು ಕಳಿಸುವಷ್ಟರಲ್ಲಿ ಹೊತ್ತು ಮುಳುಗತೊಡಗಿತು. ಚಂದ್ರಾಮಪ್ಪ ಎದೆಯುಬ್ಬಿಸಿ ನಿಂತ.

"ನಾ ಒಬ್ಬಾವ್ನೇ ಒಳಗ ಹೋಗ್ತೇನ್ರಿ ಸರ್. ಅದಕ್ಕ ನನ್ನ ಗುರುತದ. ನೀವು ಬಂದ್ರ ಬೆದರತದ."

"ಏನ್ ಧೈರ್ಯಪ್ಪಾ ನಿಂದು!" ಎಂದು ಮಾಸ್ತರರು ಬೆನ್ನು ತಟ್ಟಿದರು. ಲಾಲಸಾಬ ಅಪ್ಪಿಕೊಂಡು ಕಣ್ಣೊರೆಸಿಕೊಂಡ. ಹೋಳಿಗೆ ಮಾಡಿಕೊಂಡು ಜೊತೆಗೇ ಬಂದಿದ್ದ ಸುಭದ್ರಾಬಾಯಿ ಡಬ್ಬಿ, ತುಪ್ಪ ಕೈಗಿಟ್ಟು, "ಒಂದೂ ಉಳೀಬಾರದು ನೋಡ್ರಿ. ಪಾಪ, ಹಸಗೊಂಡಿರ್ತದ" ಎಂದಳು.

ಚಂದ್ರಾಮಪ್ಪ ಕಬ್ಬಿನ ಸಾಲಿನೊಳಗೆ ಕೂತು, ಡಬ್ಬಿ ತೆರೆದು, ತುಪ್ಪ ಸುರಿದು ಒಂದಿಡೀ ಹೋಳಿಗೆಯನ್ನು ಮಡಚಿ ಬಾಯಿಗೆ ತುರುಕಿದ.

ಅಯ್ಯೋ ಶಿವನೇ! ಶೇಂಗಾ ಎಲ್ಲಿ, ಬೆಲ್ಲ ಎಲ್ಲಿ? ಒಣಗಿಸಿ ಕುಟ್ಟಿದ ಹಾಗಲಕಾಯಿ, ಮೆಂತೆಕಾಳಿನ ಹಿಟ್ಟು, ಸಾಲದ್ದಕ್ಕೆ ಬೇವಿನ ಸೊಪ್ಪು! ಎರಡನೆಯದನ್ನು ಕಚ್ಚಿದ, ಅದೂ ಹಾಗೇ. ತಳದಿಂದ ಒಂದು ಎಳೆದು ನೋಡಿದ, ಅದು ಇನ್ನೂ ಕಹಿ. ಎಸೆದುಬಿಡೋಣವೆಂದರೆ ಇನ್ನೊಂದು ಗಳಿಗೆಗೆ ಎಲ್ಲರೂ ಬ್ಯಾಟರಿ ಹಿಡಿದು ಹೆಜ್ಜೆಗುರುತು ಹುಡುಕಲು ಇದೇ ಸಾಲಿಗೆ ನುಗ್ಗುವವರಿದ್ದಾರೆ. ಹಾಗೇ ವಾಪಸು ಒಯ್ಯೋಣವೆಂದರೆ ನಾಳೆಯಿಂದ ರೊಟ್ಟಿ ತಾನೇ ಬಡಿಯಬೇಕು. ಚಂದ್ರಾಮಪ್ಪ ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದಾದ ಮೇಲೊಂದು ನುಂಗತೊಡಗಿದ. ಒಂದೊಂದು ಗಂಟಲು ದಾಟುವಾಗಲೂ "ಊಂ... ಆಂಯ್... ಗ್ರಾ..." ಎಂಬ ಸದ್ದು ತಾನಾಗಿಯೇ ಹೊರಬಿತ್ತು.

ಹೊರಗೆ ಮಾಸ್ತರರು ಸಿಂಹಾಸನದಿಂದ ಜಿಗಿದೆದ್ದರು. "ಕೂಗಾಕತ್ತದ! ಕಬ್ಬುಗರಡಿ ಕೂಗಾಕತ್ತದ! ಮುತ್ಯಾ, ನೀ ಸುಳ್ಳ ಹೇಳಿರಲಿಲ್ಲಪ್ಪಾ!" ಎಂದು ಅತ್ತೇಬಿಟ್ಟರು. ಅನೀಲಕುಮಾರ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ.

ಚಂದ್ರಾಮಪ್ಪ ಖಾಲಿ ಡಬ್ಬಿಯೊಡನೆ ತೂರಾಡುತ್ತ ಹೊರಬಂದ. ಕಣ್ಣಲ್ಲಿ ನೀರು, ಮೀಸೆ ತುಂಬ ತುಪ್ಪ.

"ಬಂದಿತ್ತೇನೋ?"

"ಬಂದಿತ್ರಿ."

"ಎಲ್ಲಾ ತಿಂತೇನೋ?"

"ತಿಂತ್ರಿ."

ಮೂವರೂ ಅವನನ್ನು ಹೆಗಲಿಗೆತ್ತಿಕೊಂಡು ಕುಣಿದರು. "ಮುಂದಿನ ಐತವಾರ ಕರಜಗಿ, ಅದರ ಮುಂದ ಜೇವರ್ಗಿ! ಕಬ್ಬಿದ್ದಲ್ಲೆಲ್ಲ ಕ್ಯಾಂಪು!" ಎಂದು ಮಾಸ್ತರರು ಸಾರಿದರು. "ಹೋಳಿಗಿ ಮಾತ್ರ ಸುಭದ್ರಾಬಾಯಿದೇ ಆಗಬೇಕು!"

"ಆಗಲ್ರಿ ಸರ್" ಎಂದಳು ಸುಭದ್ರಾಬಾಯಿ. ಹೆಗಲಿನಿಂದ ಇಳಿದ ಗಂಡನ ಮೀಸೆಯ ತುಪ್ಪವನ್ನು ಸೆರಗಿನಿಂದ ನಿಧಾನವಾಗಿ ಒರೆಸಿದಳು. "ಐತವಾರದ ತನಕಾ ಅದು ಉಪಾಸ ಇರೋದು ಬ್ಯಾಡ. ದಿನಾ ಮುಂಜಾನಿ ಮನ್ಯಾಗೂ ಎರಡೆರಡು ಇದೇ ಹೋಳಿಗಿ ಮಾಡಿ ಇಡ್ತೇನಿ. ಅದಕ್ಕ ನಮ್ಮನಿ ದಾರಿ ಛಲೋ ಗೊತ್ತದ."