ನೀಲಿ ಪಾಷಾಣದ ಮೇಲೊಂದು ಅರ್ಜಿ

ನಾನು ಬರೆದ ಅರ್ಜಿಯನ್ನು ತಳ್ಳಿಹಾಕುವ ಅಧಿಕಾರಿ ಇನ್ನೂ ಹುಟ್ಟಿಲ್ಲ ಎಂಬುದು ಸಿರುಗುಪ್ಪ ತಾಲ್ಲೂಕಿನಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಎಲ್ಲರಿಗೂ ಎಂದರೆ, ನಾನು ಹೇಳಿದವರಿಗೆಲ್ಲ. ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಸಣ್ಣ ಡೆಸ್ಕು ಇಟ್ಟುಕೊಂಡು, ಊರವರ ಕಷ್ಟಗಳನ್ನು ‘ಮಹಾಸನ್ನಿಧಾನಕ್ಕೆ ವಿಧೇಯನ ಬಿನ್ನಹವೇನೆಂದರೆ’ ಎಂದು ಶುರುಮಾಡಿ ಸರ್ಕಾರಕ್ಕೆ ಮುಟ್ಟಿಸುವುದು ನನ್ನ ಉದ್ಯೋಗ. ನಾವಿನ್ನೂ ಮದರಾಸಿಗೆ ಸೇರಿದ್ದ ಕಾಲ ಅದು. ಮದರಾಸನ್ನು ನಾನು ಕಂಡವನಲ್ಲ. ಆದರೆ ಅದಕ್ಕೆ ಬರೆದಷ್ಟು ಕಾಗದಗಳನ್ನು ಹೆಣ್ಣು ಕೊಟ್ಟ ಮಾವನಿಗೂ ಬರೆದಿಲ್ಲ.

ಆ ವರ್ಷ ಹಚ್ಚೊಳ್ಳಿಯ ಅದೇ ಮಾವನ ಮನೆಯಿಂದ ಬಂದ ಭತ್ತದ ಚೀಲಗಳಿಗೆ ಇಲಿಗಳು ಬಿದ್ದವು. ಬೆಕ್ಕು ತಂದೆವು. ಅದು ಹಾಲು ಕುಡಿದು ಪಡಸಾಲೆಯಲ್ಲಿ ಉದ್ದಕ್ಕೆ ಮಲಗಿತು. ಇಲಿಗಳು ಅದರ ಬಾಲ ದಾಟಿಕೊಂಡು ಓಡಾಡಿದವು!

“ಪಾಷಾಣ ತರ್ತೀನಿ,” ಎಂದೆ.

“ಬ್ಯಾಡ್ರಿ,” ಎಂದಳು ಹೆಂಡತಿ ಗೌರಮ್ಮ. “ಅತ್ತಿ ಕಣ್ಣು ಮಂಜಾಗ್ಯಾವ. ಏನರ ಹೆಚ್ಚುಕಮ್ಮಿ ಆದ್ರ ಏನ್ ಮಾಡೂನು?”

ಅವಳ ಭಯಕ್ಕೆ ಕಾರಣವಿತ್ತು. ನಮ್ಮ ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ರೊಟ್ಟಿ ಬಡಿಯುವ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಕೈಯಿಂದಲೇ ಹಿಟ್ಟು ತಡವಿ, ಕೈಯಿಂದಲೇ ಅಳತೆ ನೋಡಿ ಅವ್ವ ಬಡಿಯಬೇಕು, ಗೌರಮ್ಮ ಹಂಚಿನ ಮೇಲೆ ಬೇಯಿಸಬೇಕು. ಇಂಥ ಮನೆಗೆ ವಿಷ ತರುವುದೆಂದರೆ ಅವ್ವನ ಜೀವದ ಪ್ರಶ್ನೆ ಎಂದು ಗೌರಮ್ಮ ನೇರವಾಗಿಯೇ ಹೇಳಿದಳು.

“ಜವಾಬ್ದಾರಿ ನಂದು,” ಎಂದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬಾರದಾಗಿ ವಿನಂತಿ.

ಪಾಷಾಣ ಮಾರಲು ಲೈಸೆನ್ಸ್ ಬೇಕು. ಸಿರುಗುಪ್ಪದಲ್ಲಿ ಅದು ಯಾರಿಗೂ ಇರಲಿಲ್ಲ. ಹಾಗಾಗಿ ಬಳ್ಳಾರಿಗೆ ಹೋದೆ. ಅಲ್ಲಿ ಗುರುಶಾಂತಪ್ಪನವರದೊಂದು ಬೇರುನಾರಿನ ಔಷಧದ ಅಂಗಡಿ. ಅವರು ತಮ್ಮ ಲೈಸೆನ್ಸಿಗೆ ಕಟ್ಟು ಹಾಕಿಸಿ ಬಸವಣ್ಣನ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಎರಡಕ್ಕೂ ಒಂದೊಂದು ಹೂವು.

ದಪ್ಪನೆಯ ರಿಜಿಸ್ಟರ್ ತೆರೆದು ಅವರು ಕೇಳತೊಡಗಿದರು. “ಹೆಸರು? ತಂದಿ ಹೆಸರು? ಯಾವೂರು? ಯಾತಕ್ಕ ಬೇಕು? ಮನ್ಯಾಗ ಎಷ್ಟ್ ಮಂದಿ? ಹೆಂಡ್ತಿ ಜೋಡಿ ಜಗಳ ಏನರ ಆಗೈತೇನ್ರಿ?”

ಹೆಣ್ಣು ಕೊಡುವಾಗ ಮಾವ ಕೂಡ ಇಷ್ಟು ಕೇಳಿರಲಿಲ್ಲ! ಇಷ್ಟಾದ ಮೇಲೆ ನನ್ನ ಗುರುತು ಹೇಳುವವರೊಬ್ಬರು ಬೇಕೆಂದರು. ಹತ್ತಿ ಮಾರಲು ಕುರುಗೋಡಿನಿಂದ ಬಂದಿದ್ದ ನನ್ನ ಷಡ್ಡಕನನ್ನು ಮಾರುಕಟ್ಟೆಯಲ್ಲಿ ಹುಡುಕಿ ಎಳೆದುತಂದೆ.

“ಬಲ್ಲೆನ್ರಿ ಇವನ್ನ,” ಎನ್ನುತ್ತ ಅವನು ಸಹಿ ಹಾಕಿದ. “ಇಲಿ ಸತ್ರ ಅದ ದೊಡ್ಡದು. ಮನುಷ್ಯಾರ್ನ ಕೊಲ್ಲೋ ಧೈರ್ಯ ಇವಗೆಲ್ಲಿಂದ ಬರಬೇಕ್ರಿ!”

ಗುರುಶಾಂತಪ್ಪನವರು ಒಳಗೆ ಹೋಗಿ ಪೊಟ್ಟಣ ಕಟ್ಟಿ ತಂದರು. ಮೇಲೆ ಕೆಂಪು ಮಸಿಯಲ್ಲಿ ‘ವಿಷ’ ಎಂದು ಬರೆದ ಚೀಟಿ.

“ಕೀಲಿ ಹಾಕಿ ಇಡ್ರಿ. ಮತ್ತ, ಇದರ ಬಣ್ಣದ್ದೊಂದು ಮಾತು ಹೇಳಬೇಕ್ರಿ...”

“ಸರ್ಕಾರದ ಕಾಯ್ದೆ ನನಗ ಹೇಳ್ತೀರೇನ್ರಿ? ದಿನಾ ಅದನ್ನ ಬರಿಯೋನು ನಾನು!” ಎಂದೆ. ಅಷ್ಟರಲ್ಲಿ ಸಿರುಗುಪ್ಪದ ಬಸ್ಸಿನ ಹಾರನ್ ಕೇಳಿಸಿತು. ಓಡಿದೆ.

ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ನನ್ನ ರಕ್ತ ಕುದಿಯಿತು. ಪಾಷಾಣ ಬೆಳ್ಳಗಿರಬೇಕೆಂದು ನನಗೆ ಗೊತ್ತಿತ್ತು. ಇದು ತಿಳಿನೀಲಿ! ಧೋತರಕ್ಕೆ ಹಾಕುವ ನೀಲಿಯನ್ನು ಯಾರೋ ಬೆರೆಸಿದ್ದು ಕಣ್ಣಿಗೆ ಕಾಣುತ್ತಿತ್ತು. ಹಾಲಿಗೆ ನೀರು ಬೆರೆಸುವುದನ್ನು ಸಹಿಸಿದ್ದೆ. ತುಪ್ಪಕ್ಕೆ ವನಸ್ಪತಿ ಬೆರೆಸುವುದನ್ನೂ ಸಹಿಸಿದ್ದೆ. ವಿಷಕ್ಕೂ ಕಲಬೆರಕೆಯೇ?

“ಮೊದ್ಲ ಇಲಿಗೆ ಹಾಕಿ ನೋಡ್ರಿ,” ಎಂದಳು ಗೌರಮ್ಮ. “ಸಾಯಲಿಲ್ಲಂದ್ರ ಆಮ್ಯಾಲ ಬೈಯೂನಂತ.”

“ಸಾಕ್ಷ್ಯ ಅದು! ಸಾಕ್ಷ್ಯಾನ ಇಲಿಗೆ ಹಾಕ್ತಾರೇನು?”

ಕುಳಿತು ಬರೆದೆ. ‘ಸದರಿ ವ್ಯಾಪಾರಿಯು, ಶುದ್ಧ ವಿಷ ದೊರೆಯುವುದೆಂದು ನಂಬಿ ಬಂದ ಬಡಪ್ರಜೆಗೆ ಅಶುದ್ಧ ವಿಷವನ್ನು ದಾಟಿಸಿ, ತನ್ಮೂಲಕ ಸಾರ್ವಜನಿಕರ ಆರೋಗ್ಯಕ್ಕೆ ಭಂಗವುಂಟುಮಾಡಿರುವುದರಿಂದ, ಆತನ ಲೈಸೆನ್ಸನ್ನು ರದ್ದುಪಡಿಸಬೇಕಾಗಿ ಪ್ರಾರ್ಥನೆ.’ ಓದಿ ನನಗೇ ಮೈ ಜುಮ್ಮೆಂದಿತು.

ಹೋಟೆಲಿನಲ್ಲಿ ಅಧಿಕಾರಿಗಳು ತುಪ್ಪದ ಮಾದರಿ ತೆಗೆಯುವುದನ್ನು ಒಮ್ಮೆ ನೋಡಿದ್ದೆ. ಮೂರು ಪಾಲು ಮಾಡಿ ಮೂರಕ್ಕೂ ಅರಗಿನ ಮುದ್ರೆ ಹಾಕುತ್ತಾರೆ. ನಾನೂ ಮೂರು ಪಾಲು ಮಾಡಿದೆ. ಎರಡಕ್ಕೆ ಮುದ್ರೆ ಹಾಕುವಷ್ಟರಲ್ಲಿ ಅರಗು ಮುಗಿಯಿತು. ಮೂರನೆಯದಕ್ಕೆ ದಾರ ಸುತ್ತಿದೆ. ಮೊದಲನೆಯದನ್ನು ಅರ್ಜಿಯ ಜೊತೆ ರಿಜಿಸ್ಟರ್ ಟಪಾಲಿನಲ್ಲಿ ಬಳ್ಳಾರಿಯ ಆರೋಗ್ಯಾಧಿಕಾರಿಗಳಿಗೆ ಕಳಿಸಿದೆ. ‘ವಿಷ’ ಎಂಬ ಕೆಂಪು ಚೀಟಿಯೂ ಅಡಕವಾಗಿ ಅದರ ಜೊತೆಗೇ ಹೋಯಿತು. ಎರಡನೆಯ ಪೊಟ್ಟಣವನ್ನೂ ಅರ್ಜಿಯ ನಕಲನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಮೂರನೆಯದಕ್ಕೆ ಟ್ರಂಕಿನಲ್ಲಿ ಜಾಗವಿರಲಿಲ್ಲ. ಪಡಸಾಲೆಯಲ್ಲಿಡೋಣವೆಂದರೆ ಇಲಿಗಳ ಕಾಟ. ಅಷ್ಟು ಮುಖ್ಯವಾದ ಸಾಕ್ಷ್ಯವನ್ನು ಇಲಿ ತಿಂದುಬಿಟ್ಟರೆ ಗತಿಯೇನು? ಇಲಿ ಹತ್ತಲಾರದ ಜಾಗ ನಮ್ಮ ಮನೆಯಲ್ಲಿ ಒಂದೇ ಇತ್ತು, ಅಡುಗೆಮನೆಯ ಗೋಡೆಯ ಗೂಡು. ಗೌರಮ್ಮ ನೀರಿಗೆ ಹೋಗಿದ್ದಾಗ ಅಲ್ಲಿಟ್ಟೆ. ಹೇಳಿದರೆ ಬೈಯುತ್ತಾಳೆಂದು ಹೇಳಲಿಲ್ಲ.

ಇಲಿ ಪಾಷಾಣವನ್ನು ಇಲಿಗಳಿಂದ ಕಾಪಾಡಿದ ಮನುಷ್ಯ ನಾನೊಬ್ಬನೇ ಇರಬೇಕು!

ನಾಲ್ಕನೆಯ ದಿನ ಮಧ್ಯಾಹ್ನ ನಾನು ಊಟಕ್ಕೆ ಕುಳಿತಿದ್ದೆ. ಎರಡನೆಯ ರೊಟ್ಟಿ ಅರ್ಧ ಮುಗಿದಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೇಲೆ ಉದುರಿಸುವ ಒಣಹಿಟ್ಟು ತೀರಿತು. ಸೊಸೆಯನ್ನು ಏಳಿಸುವುದೇಕೆಂದು ಗೂಡಿಗೆ ಕೈಹಾಕಿ ತಡವಿದಳು. ದಾರ ಸುತ್ತಿದ ಪೊಟ್ಟಣ ಸಿಕ್ಕಿತು. ಬೆರಳಿಗೆ ನುಣ್ಣಗೆ ಹತ್ತಿತು. ಹಿಟ್ಟೆಂದು ಉದುರಿಸಿ, ಬಡಿದು, ಹಂಚಿಗೆ ಹಾಕಿದಳು. ಗೌರಮ್ಮ ಎಂದಿನಂತೆ ರೊಟ್ಟಿಯ ಮೇಲೆ ನೀರಿನ ಬಟ್ಟೆ ಎಳೆದಳು.

ರೊಟ್ಟಿ ನೀಲಿಯಾಯಿತು.

“ಅತ್ತೀ! ಕೈ ಎತ್ರಿ! ಏನೂ ಮುಟ್ಟಬ್ಯಾಡ್ರಿ!”

ಅವಳ ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಹಂಚನ್ನು ಅಂಗಳಕ್ಕೆ ಎಸೆದಳು. ಅವ್ವನ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ, ಮೊಣಕೈವರೆಗೆ ಸೀಗೆಪುಡಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ನೀಲಿ ರೊಟ್ಟಿ, ನಾದಿದ ಹಿಟ್ಟು, ಪೊಟ್ಟಣದಲ್ಲಿ ಉಳಿದ ಪುಡಿ ಎಲ್ಲವನ್ನೂ ಗುಂಡಿ ತೋಡಿ ಹೂಳಿದಳು. ಈ ಹೊತ್ತಿನಲ್ಲಿ ಮನೆಯ ಯಜಮಾನನಾದ ನಾನು ಏನು ಮಾಡಿದೆ? ಗೋಡೆಗೆ ಒರಗಿ ಪ್ರಾಣ ಬಿಡಲು ತಯಾರಾದೆ.

“ಗೌರಾ, ನಾನು ಒಂದೂವರಿ ತಿಂದೀನಿ... ನಾಲಿಗಿ ಒಣಗಾಕ ಹತ್ತೈತಿ...”

ಅವ್ವ ಒದ್ದೆ ಕೈಯಲ್ಲೇ ಬಂದು ನನ್ನ ತಲೆ ತಡವಿದಳು. “ನೀ ತಿಂದ ರೊಟ್ಟಿ ಯಾವ ಬಣ್ಣ ಇತ್ತಲೇ?”

ತಟ್ಟೆ ನೋಡಿದೆ. “ಬೆಳ್ಳಗೈತಿ ಅವ್ವಾ.”

“ನೀಲಿ ಇಲ್ಲಂದ್ರ ವಿಷ ಇಲ್ಲ. ಎದ್ದು ಕೂಡು, ಸುಮ್ನ ನಾಟಕ ಮಾಡಬ್ಯಾಡ.”

ಎದ್ದು ಕುಳಿತೆ. ಆಗ ನಿಜವಾದ ಹೆದರಿಕೆ ಶುರುವಾಯಿತು. ನನ್ನ ಜೀವಕ್ಕಲ್ಲ, ಅವ್ವನ ಜೀವಕ್ಕೆ. ಇನ್ನೊಂದು ಗಳಿಗೆ ಕಳೆದಿದ್ದರೆ ಅವಳು ಅದೇ ರೊಟ್ಟಿ ತಿನ್ನಲು ಕೂರುತ್ತಿದ್ದಳು. ಗೌರಮ್ಮ ನನ್ನನ್ನು ದಾಟಿಕೊಂಡು ಹೋಗಿ ಗೂಡನ್ನು ತೊಳೆಯತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಬಳ್ಳಾರಿಯಿಂದ ಹೆಲ್ತ್ ಇನ್ಸ್‌ಪೆಕ್ಟರ್ ಬಂದಿಳಿದರು. ಕೈಯಲ್ಲಿ ನನ್ನ ಅರ್ಜಿ.

“ಟಪಾಲಿನ್ಯಾಗ ವಿಷ ಕಳಿಸೋದು ಅಪರಾಧ ಅಂತ ಗೊತ್ತೇನ್ರಿ?” ಎಂದರು ಜಗಲಿಯ ಮೇಲೆ ಕೂರುತ್ತಲೇ. “ನಮ್ಮ ಗುಮಾಸ್ತ ಲಕೋಟಿ ಒಡದು ಮೂಸಿ ನೋಡಾಕ ಹೋಗಿದ್ದ. ನೀಲಿ ಕಂಡು ಕೈಬಿಟ್ಟ. ಬದುಕಿದ!”

“ಆದರೆ ಸ್ವಾಮಿ, ಕಲಬೆರಕೆ...”

“ಕಲಬೆರಕಿ ಅಲ್ರೀ ಅದು. ಕಾಯ್ದೆ! ಬೆಳ್ಳಗಿರೋ ಪಾಷಾಣಾನ ಹಂಗ ಮಾರಂಗಿಲ್ಲ. ನೀಲಿನೋ ಕಾಡಿಗಿನೋ ಬೆರೆಸಿ ಕೊಡಬೇಕು. ಯಾಕ ಹೇಳ್ರಿ? ಬೆಳ್ಳಗಿದ್ರ ಯಾರರ ಹಿಟ್ಟಂತ ತಿಳದು ರೊಟ್ಟಿಗೆ ಹಾಕಿಬಿಡ್ತಾರ.”

ಬಾಗಿಲ ಹಿಂದೆ ಗೌರಮ್ಮನ ಬಳೆಗಳು ಸದ್ದು ಮಾಡಿ ನಿಂತವು.

ಎಲ್ಲೋ ಮದರಾಸಿನಲ್ಲೋ, ಅದಕ್ಕೂ ದೂರದಲ್ಲೋ, ನಾನು ಹೆಸರೂ ಅರಿಯದ ಒಬ್ಬ ಪುಣ್ಯಾತ್ಮ ಮೇಜಿನ ಮುಂದೆ ಕುಳಿತು ಇದನ್ನು ಬರೆದಿದ್ದ. ಅವನು ನಮ್ಮ ಅಡುಗೆಮನೆಯನ್ನು ಕಂಡಿರಲಿಲ್ಲ. ನಮ್ಮವ್ವನ ಕಣ್ಣಿನ ಪೊರೆಯ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಆದರೂ ಒಂದು ದಿನ ಯಾವುದೋ ಮನೆಯಲ್ಲಿ ಯಾರೋ ಒಬ್ಬಳು ಮುದುಕಿ ಹಿಟ್ಟಿಗೆಂದು ಗೂಡಿಗೆ ಕೈಹಾಕಿಯಾಳು ಎಂದು ಅವನಿಗೆ ಹೊಳೆದಿತ್ತು. ಅವಳ ಮಗ ಬುದ್ಧಿವಂತನಾಗಿರಲಿಕ್ಕಿಲ್ಲ ಎಂದೂ ಹೊಳೆದಿರಬೇಕು. ಇಪ್ಪತ್ತು ವರ್ಷ ಸರ್ಕಾರಕ್ಕೆ ಬರೆದಿದ್ದೆ. ಸರ್ಕಾರವೂ ನಮಗಾಗಿ ಏನೋ ಬರೆದಿಟ್ಟಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಕಣ್ಣು ಒದ್ದೆಯಾದವು.

ಇನ್ಸ್‌ಪೆಕ್ಟರು ಗೌರಮ್ಮನಿಂದ ರೊಟ್ಟಿಯ ಕತೆಯನ್ನೆಲ್ಲ ಕೇಳಿ, ಟ್ರಂಕಿನಲ್ಲಿ ಉಳಿದಿದ್ದ ಪೊಟ್ಟಣವನ್ನು ವಶಪಡಿಸಿಕೊಂಡು, ಅರ್ಜಿಯನ್ನು ಬರಹದಲ್ಲೇ ಹಿಂದಕ್ಕೆ ಪಡೆಯಬೇಕೆಂದರು. ನಾಲ್ಕು ಪುಟ ಬರೆದೆ. ಓದಿ, “‘ತಪ್ಪಾಯಿತು’ ಅಂತ ಎಲ್ಲೈತ್ರಿ ಇದ್ರಾಗ?” ಎಂದು ಕೇಳಿದರು. ಹುಡುಕಿದೆ. ಇರಲಿಲ್ಲ! ನಾಲ್ಕು ಪುಟ ಹರಿದು ಆ ಒಂದೇ ಮಾತು ಬರೆದು ಸಹಿ ಹಾಕಿದೆ.

ಎರಡು ದಿನ ಬಿಟ್ಟು ಗುರುಶಾಂತಪ್ಪನವರ ಕ್ಷಮೆ ಕೇಳಲು ಬಳ್ಳಾರಿಗೆ ಹೊರಟೆ. ಗೌರಮ್ಮನೂ ಜೊತೆಗೆ ಬಂದಳು. ನನ್ನನ್ನು ಒಬ್ಬನನ್ನೇ ಎಲ್ಲಿಗೂ ಬಿಡಬಾರದೆಂದು ಮನೆಯಲ್ಲಿ ಠರಾವು ಪಾಸಾಗಿತ್ತು. ಅವರ ಅನ್ನಕ್ಕೆ ಕಲ್ಲು ಹಾಕಲು ಹೋದವನು ನಾನು. ಏನು ಬೈದರೂ ತಲೆ ತಗ್ಗಿಸಿ ಕೇಳಬೇಕೆಂದು ನಿರ್ಧರಿಸಿಕೊಂಡಿದ್ದೆ.

ಇನ್ಸ್‌ಪೆಕ್ಟರಿಂದ ಎಲ್ಲ ತಿಳಿದಿದ್ದ ಗುರುಶಾಂತಪ್ಪನವರು ನನ್ನನ್ನು ನೋಡಿ ಮೊದಲು ಕೇಳಿದ್ದು, “ತಾಯಿಯವ್ರು ಆರಾಮ ಅದಾರೇನ್ರಿ?”

“ಅದಾರ್ರಿ,” ಎಂದೆ. “ನಿಮ್ಮ ನೀಲಿಯಿಂದ ಅದಾರ.”

“ಸಾಕು ಬಿಡ್ರಿ. ನಾ ಹೇಳಾಕ ಬಂದೆ, ನೀವು ಬಸ್ಸು ಬಂತಂತ ಓಡಿದ್ರಿ.” ಅಷ್ಟೇ. ಒಳಗಿನಿಂದ ಒಂದು ಇಲಿಬೋನು ತಂದು ಮುಂದಿಟ್ಟರು. “ಇದನ್ನ ಒಯ್ಯಿರಿ. ಇದಕ್ಕ ಸಹಿ ಬೇಕಿಲ್ಲ, ಸಾಕ್ಷಿ ಬೇಕಿಲ್ಲ.”

ನಾನು ಕೈ ಚಾಚಿದೆ. ಅವರು ಬೋನನ್ನು ಗೌರಮ್ಮನ ಕೈಗೆ ಕೊಟ್ಟರು.

ಗೌರಮ್ಮ ಬೋನನ್ನು ನೋಡಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಜೀವಕ್ಕ ಕುತ್ತು ತರೋದಕ್ಕೆಲ್ಲಾ ನೀಲಿ ಬೆರಸಬೇಕಂತ ಕಾಯ್ದೆ ಐತಿ ಅಂತಾರಲ್ಲ, ಅಣ್ಣಾರ,” ಎಂದು ಗುರುಶಾಂತಪ್ಪನವರನ್ನು ಕೇಳಿದಳು. “ಇವರನ್ನ ಹೆಂಗ ಬಿಟ್ರು?”

ಆಕ್ಷೇಪಣೆ ಸಲ್ಲಿಸಲು ಒಂದಾದರೂ ಆಧಾರ ಸಿಕ್ಕೀತೇ ಎಂದು ಬಸ್‌ಸ್ಟ್ಯಾಂಡಿನವರೆಗೂ ಯೋಚಿಸಿದೆ. ಸಿಗಲಿಲ್ಲ!